ಸುಣ್ಣ, ಎರಡು ಚೀಲ

ಪಾದ್ರಿ ಸಾಹೇಬರು ಜುಲೈಯಲ್ಲಿ ರಜೆಗೆ ಹೋದರು.
ಹೋಗುವಾಗ ಚರ್ಚಿನ ಕೀಲಿ, ವ್ಯಾನಿನ ಕೀಲಿ, ಲೆಕ್ಕದ ಪುಸ್ತಕ,
ಜೊತೆಗೆ, "ಬೇಜಾರಾದರೆ ಓದು, ಸೀಮೋನ" ಎಂದು
ತಮ್ಮೂರ ಹಳೇ ಪಾದ್ರಿಯೊಬ್ಬನ ಕತೆ,
ಟೈಪು ಮಾಡಿದ ಹನ್ನೊಂದು ಹಾಳೆ.
ಆಗಸ್ಟು ಎರಡರ ಮೇಲೆ ಅಹ್ಮದಿಯಲ್ಲಿ
ಬೇಜಾರಾಗಲು ಯಾರಿಗೂ ಪುರುಸೊತ್ತಿರಲಿಲ್ಲ.

ಆದರೂ ಓದಿದೆ.
ಆಂಬ್ರೋಸ್ ಟಿಲ್ಲಿ ಅಂತ ಹೆಸರು. ಜನಕ್ಕಿಂತ ಕುರಿ ಹೆಚ್ಚಿದ್ದ ಊರು.
ಅಪ್ಪ ರಾಜ ಹೇಳಿದ: ಪೋಪನ ಹೆಸರು ಕೆರೆದು ಹಾಕು.
ಟಿಲ್ಲಿ ಚಾಕು ಮಸೆದು ಕೆರೆದ, ಹಗುರಾಗಿ,
ಚರ್ಮದ ಹಾಳೆ ತೂತು ಬೀಳದ ಹಾಗೆ.
ಮಗ ರಾಜನಿಗೆ ಒಂಬತ್ತು ವರ್ಷ. ಅವನ ಬಾಯಲ್ಲಿ ದೊಡ್ಡವರು ಹೇಳಿದರು:
ಗೋಡೆಯ ಸಂತರಿಗೆ ಸುಣ್ಣ ಬಳಿ. ಬಳಿದ.
ಪಾದ್ರಿಗಳೂ ಮದುವೆಯಾಗಬಹುದು ಎಂದರು. ಆದ.
ಅಕ್ಕ ರಾಣಿ ಬಂದಳು: ಸುಣ್ಣ ಕೆರೆ, ಹೆಂಡತಿಯನ್ನು ಬಿಡು.
ಕೆರೆದ. ಬಿಟ್ಟ.
ತಂಗಿ ರಾಣಿ ಬಂದಳು. ಮತ್ತೆ ಸುಣ್ಣ.
ಹೆಂಡತಿ ತಿರುಗಿ ಬಂದಳೋ ಇಲ್ಲವೋ, ಹಾಳೆ ಹೇಳುವುದಿಲ್ಲ.
ಹೇಸರಗತ್ತೆಯ ಬಾಡಿಗೆ ಮಾತ್ರ ಇದೆ: ನಾಲ್ಕು ಪೆನ್ನಿ, ಹೋಗಲು.

ನಕ್ಕೆ. ಬೆಟಗೇರಿಯ ನಮ್ಮಪ್ಪ ಇಂಥವರನ್ನು ಕಂಡರೆ
ಗಾಳಿ ಬಂದಾಗ ತೂರಿಕೊಂಡವ ಎಂದು ಮೊರ ಕೊಡವುವ ಹಾಗೆ ಕೈ ಮಾಡುತ್ತಿದ್ದ.

ಸೆಪ್ಟೆಂಬರಿನಲ್ಲಿ ಹುಕುಂ ಬಂತು:
ಹೊಸ ನಂಬರ್ ಪ್ಲೇಟು ಇಲ್ಲದ ಗಾಡಿಗೆ ಪೆಟ್ರೋಲಿಲ್ಲ.
ಎಣ್ಣೆಯ ಮೇಲೆ ಕೂತ ಊರಿನಲ್ಲಿ.
ಇರುದಯ ಹಾಕಿಸಬೇಡ ಎಂದ. ತಾನು ನೀರಿನ ಕ್ಯಾನು ಹೊತ್ತು
ಫಹಾಹೀಲಿನಿಂದ ನಡೆದೇ ಬಂದ.
ನಾನು ಸರತಿಯಲ್ಲಿ ನಿಂತೆ. ನಾಲ್ಕು ಸ್ಕ್ರೂ, ಹತ್ತು ನಿಮಿಷ.
ಅದೇ ಪ್ಲೇಟಿನ ವ್ಯಾನಿನಲ್ಲಿ
ಶಾಲೆಯ ನೆಲದ ಮೇಲೆ ಮಲಗಿದ್ದವರಿಗೆ ಬ್ರೆಡ್ಡು ಹೋಯಿತು,
ಇರುದಯನಿಗೂ. ಅವನು ತಿಂದ. ಮಾತಾಡಲಿಲ್ಲ.
ಚೆಕ್‌ಪೋಸ್ಟಿನಲ್ಲಿ ಕೊಟ್ಟ ಮೀಸೆಯ ಚಿತ್ರವನ್ನು
ಬಾಗಿಲಿಗೆ ಅಂಟಿಸಿದೆ,
ಅಂಟು ಕಡಿಮೆ ಹಚ್ಚಿ.

ಅಕ್ಟೋಬರಿನ ಒಂದು ರಾತ್ರಿ ಆ ಬಾಗಿಲು ಬಡಿದರು.
ಬಡಿದರು ಎಂದರೆ ಒಬ್ಬನೇ. ಹುಡುಗನ ದನಿ.
ಎದುರು ಮನೆಯ ಬದರ್ ಇರಬಹುದು;
ಹಾಗೆ "ಸಿಮ್ಮೂನ್" ಎನ್ನುವವನು ಅವನೊಬ್ಬನೇ.
ಕೀಲಿ ನನ್ನ ಜೇಬಿನಲ್ಲಿ ಬೆಚ್ಚಗಿತ್ತು.
ಆಮೇಲೆ ಜೀಪು.
ಆಮೇಲೆ ಫ್ರಿಜ್ಜಿನ ಸದ್ದು.

ಒಂಬತ್ತನೇ ಹಾಳೆಯಲ್ಲಿ, ಟಿಲ್ಲಿಯ ಪಕ್ಕದೂರಿನ ಪಾದ್ರಿಯನ್ನು
ಸಂತೆಯ ಬಯಲಿನಲ್ಲಿ ಸುಟ್ಟರು. ಹಸಿ ಕಟ್ಟಿಗೆ, ಹೊತ್ತು ಹಿಡಿಯಿತು.
ಆ ದಿನದ ಲೆಕ್ಕ ಟಿಲ್ಲಿಯ ಕೈಯಲ್ಲಿ: ಮೇಣ, ಎರಡು ಪೆನ್ನಿ.
ನನ್ನ ಪುಸ್ತಕದಲ್ಲಿ ಆ ಗುರುವಾರ: ಬ್ರೆಡ್ಡು, ಹದಿನಾರು.

ಫೆಬ್ರವರಿಯಲ್ಲಿ ಬಾವಿಗಳು ಹತ್ತಿಕೊಂಡವು. ಮಧ್ಯಾಹ್ನಕ್ಕೆ ಟಾರ್ಚು.
ಬೆಕ್ಕು ಕಪ್ಪು, ಹಾಸಿದ ಬಟ್ಟೆ ಕಪ್ಪು,
ಗೋಡೆ ಮುಟ್ಟಿದ ಬೆರಳು ಕಪ್ಪು.
ಪ್ಲೇಟು ಬಿಚ್ಚಿದೆ. ಅದೇ ನಾಲ್ಕು ಸ್ಕ್ರೂ. ಚಿತ್ರ ಸಲೀಸಾಗಿ ಬಂತು.
ಗೆದ್ದವರ ಕಡೆಯ ಎಳೆ ಆಫೀಸರು ಕೇಳಿದ: ಪ್ಲೇಟು ಯಾಕೆ ಬದಲಿಸಿದೆ?
ಬ್ರೆಡ್ಡಿನ ಪುಟ ತೋರಿಸಿದೆ. ತಲೆಯಾಡಿಸಿ ಸಹಿ ಹಾಕಿದ.
ಇನ್ನೊಂದು ಪುಟ ತಿರುವಿದ್ದರೆ?
ಅಲ್ಲೂ ಬ್ರೆಡ್ಡೇ.

ಸಾಹೇಬರು ಜೂನಿನಲ್ಲಿ ಬಂದರು. ಗೋಡೆ ನೋಡಿ, ಸುಣ್ಣ ಬಳಿ ಎಂದರು.
ಮೂರು ಕೈ ಬಳಿದೆ.
ಹಾಳೆಗಳನ್ನು ವಾಪಸು ಕೊಟ್ಟಾಗ, ಹೇಗಿತ್ತು ಎಂದರು ನಗುತ್ತ.
ಅವರ ಕಡೆ ಅದು ನಗೆಯ ಕತೆಯಂತೆ.
ಮಣ್ಣು ಮಾಡಿದವರ ಪಟ್ಟಿ, ಮೂವತ್ತನಾಲ್ಕು ವರ್ಷದ್ದು,
ಒಂದೇ ಕೈಬರಹವಂತಲ್ಲ ಸರ್, ಎಂದೆ.
ಅವರು ಕನ್ನಡಕ ಒರೆಸಿಕೊಂಡರು.

ಬದರ್‌ನ ತಾಯಿ ಈಗಲೂ ಎದುರಿಗೇ ಇದ್ದಾಳೆ.
ರಂಜಾನಿನಲ್ಲಿ ಬಟ್ಟಲು ಮುಚ್ಚಿ ಹರೀಸ್ ಕಳಿಸುತ್ತಾಳೆ.
ಖಾಲಿ ಬಟ್ಟಲು ತಿರುಗಿ ಕೊಡಬಾರದು, ನಮ್ಮ ಕಡೆ.
ಸಕ್ಕರೆ ಹಾಕಿ ಕೊಡುತ್ತೇನೆ.
ಜನವರಿಯ ತೇವಕ್ಕೆ ಉತ್ತರದ ಗೋಡೆಯಲ್ಲಿ
ಹಳೆಯ ಮಸಿ ಮೇಲೆ ಬರುತ್ತದೆ, ಮೊದಲು ಬಾಗಿಲ ಪಕ್ಕ.
ಏಣಿ ತರುತ್ತೇನೆ. ಬರೆದಿಡುತ್ತೇನೆ:
ಸುಣ್ಣ, ಎರಡು ಚೀಲ.